ಬಾಗಿಲು ಮುಚ್ಚಿದ ಮೇಲೆ ಬೆಕ್ಕಿನ ಹೊಟ್ಟೆ ನಿಮ್ಮ ಹೊಣೆ

ನಮ್ಮ ಮನೆಗಳಲ್ಲಿ ಬೆಕ್ಕಿಗೆ ಇರುವಷ್ಟು ಸಲುಗೆ ಬೇರೆ ಯಾವ ಪ್ರಾಣಿಗೂ ಇಲ್ಲ. ಅದು ಅಡುಗೆ ಮನೆಗೆ ಬರುತ್ತದೆ, ಮುಸಲ್ಲಾದ ಮೇಲೆ ಮೈಚಾಚುತ್ತದೆ, ಮಕ್ಕಳ ಹಾಸಿಗೆಯಲ್ಲಿ ನಿದ್ರಿಸುತ್ತದೆ. ಈ ಸಲುಗೆಗೆ ಆಧಾರವೂ ಇದೆ. ಹ. ಅಬೂ ಖತಾದಾ(ರ) ಅವರ ವುಝೂವಿನ ನೀರಿಗೆ ಬೆಕ್ಕೊಂದು ಬಾಯಿ ಹಾಕಲು ಬಂದಾಗ, ಅವರು ಪಾತ್ರೆಯನ್ನು ಬಾಗಿಸಿ ಅದಕ್ಕೆ ಕುಡಿಯಲು ಅನುಕೂಲ ಮಾಡಿಕೊಟ್ಟರು. ಸೊಸೆ ಕಬ್‌ಶಾ ಅಚ್ಚರಿಯಿಂದ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ಸುತ್ತಮುತ್ತ ಓಡಾಡಿಕೊಂಡಿರುವ ಜೀವಿ ಎಂದು ಪ್ರವಾದಿ(ಸ)ರು ಹೇಳಿದ್ದನ್ನು ತಿಳಿಸಿದರು. ಅಬೂದಾವೂದ್, ತಿರ್ಮಿದಿ ಮುಂತಾದ ಹದೀಸ್ ಗ್ರಂಥಗಳಲ್ಲಿ ಇದು ಬಂದಿದೆ. ಬೆಕ್ಕು ಸಾಕುವ ಪ್ರತಿಯೊಂದು ಮನೆಗೂ ಈ ಹದೀಸ್ ಬಾಯಿಪಾಠ.

ಆದರೆ ಇನ್ನೊಂದು ಹದೀಸನ್ನು ನಾವು ಅಷ್ಟೇ ಗಮನವಿಟ್ಟು ಓದುವುದಿಲ್ಲ. ಬೆಕ್ಕನ್ನು ಕೂಡಿಹಾಕಿ ಸಾಯಿಸಿದ ಕಾರಣಕ್ಕೆ ಶಿಕ್ಷೆಗೊಳಗಾದ ಹೆಣ್ಣಿನ ವಿಷಯವದು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಆಕೆ ಬೆಕ್ಕಿಗೆ ಹೊಡೆದಳೆಂದು ಅಲ್ಲಿ ಹೇಳಿಲ್ಲ. ಅವಳ ತಪ್ಪು ಎರಡು: ಕೂಡಿಹಾಕಿದ ಬೆಕ್ಕಿಗೆ ತಿನ್ನಲು ಕೊಡಲಿಲ್ಲ, ನೆಲದ ಮೇಲಿನ ಹುಳಹುಪ್ಪಟೆಗಳನ್ನಾದರೂ ಹಿಡಿದು ತಿನ್ನಲೆಂದು ಹೊರಗೆ ಬಿಡಲೂ ಇಲ್ಲ. ಅಂದರೆ ಬೆಕ್ಕಿನ ಒಡೆಯನ ಮುಂದೆ ಎರಡು ದಾರಿಗಳಿವೆ. ಒಂದೋ ನೀವು ಉಣಿಸಬೇಕು, ಇಲ್ಲವೇ ಅದು ತಾನೇ ಹುಡುಕಿಕೊಳ್ಳಲು ಬಿಡಬೇಕು. ಎರಡನೆಯ ದಾರಿಯನ್ನು ಮುಚ್ಚಿದವರಿಗೆ ಮೊದಲನೆಯದು ಕಡ್ಡಾಯವಾಗುತ್ತದೆ.

ನಾವು ಎರಡನೆಯ ದಾರಿಯನ್ನು ಮುಚ್ಚಿಯಾಗಿದೆ. ಹಿಂದೆ ಬೆಕ್ಕಿಗೆ ಹಿತ್ತಿಲಿತ್ತು, ಅಡಿಕೆ ರಾಶಿಯ ಕೆಳಗೆ ಇಲಿಗಳಿದ್ದವು, ಹಟ್ಟಿಯಲ್ಲಿ ಹೆಗ್ಗಣವಿತ್ತು, ಬಾವಿಕಟ್ಟೆಯ ಬಳಿ ಮೀನಿನ ತಲೆ, ಕರುಳು ಸಿಗುತ್ತಿತ್ತು. ಅಜ್ಜಿ ಹಾಕುತ್ತಿದ್ದ ಹಾಲು-ಅನ್ನ ಅದರ ಪಾಲಿಗೆ ಹೊಟ್ಟೆ ತುಂಬುವ ಊಟವಾಗಿರಲಿಲ್ಲ, ಊಟದ ಮೇಲಿನ ತಿಂಡಿಯಾಗಿತ್ತು. ಇಂದು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ, ಬಾಲ್ಕನಿಗೂ ಬಲೆ ಕಟ್ಟಿದ ಮನೆಯಲ್ಲಿ ಅದೇ ಬೆಕ್ಕು ಇದೆ. ಬಟ್ಟಲಲ್ಲಿರುವುದು ಅದೇ ಹಾಲು-ಅನ್ನ. ಇಲಿ ಮಾತ್ರ ಇಲ್ಲ. ನಾವು ಪ್ರೀತಿಯಿಂದಲೇ ಬಡಿಸುತ್ತಿದ್ದೇವೆ, ಬೆಕ್ಕೂ ಹೊಟ್ಟೆ ತುಂಬ ತಿನ್ನುತ್ತಿದೆ. ಆದರೂ ಅದರ ದೇಹ ಹಸಿದೇ ಇದೆ. ಬೆಕ್ಕನ್ನು ಮನೆಯೊಳಗೆ ಇಟ್ಟುಕೊಂಡ ಮೇಲೆ, ಅದರ ಪ್ರಕೃತಿಗೂ ವಯಸ್ಸಿಗೂ ಹೊಂದುವ ಆಹಾರ ಕೊಡುವುದು ನಮ್ಮ ಔದಾರ್ಯವಲ್ಲ, ಅದರ ಹಕ್ಕು. ನಾನು ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದು ಆ ಹಕ್ಕಿನ ವಿವರ.

ಬೆಕ್ಕಿನ ಹೊಟ್ಟೆ ನಮ್ಮ ಹೊಟ್ಟೆಯಲ್ಲ

ಸಾಕುಬೆಕ್ಕಿನ ಮೂಲ, ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕು. ಅದು ಇಲಿ, ಹಕ್ಕಿ, ಹಲ್ಲಿ ಹಿಡಿದು ಬದುಕುತ್ತಿದ್ದ ಬೇಟೆಗಾರ. ಸಾವಿರಾರು ವರ್ಷ ಮನುಷ್ಯನ ಜೊತೆಗಿದ್ದರೂ ಅದರ ಕರುಳು ಬದಲಾಗಿಲ್ಲ. ನಾಯಿ ಅನ್ನ, ರೊಟ್ಟಿ ತಿಂದು ಒಂದು ಮಟ್ಟಿಗೆ ಬದುಕಬಲ್ಲದು. ಬೆಕ್ಕಿಗೆ ಅದು ಸಾಧ್ಯವಿಲ್ಲ. ಮಾಂಸದಲ್ಲಿ ಮಾತ್ರ ಸಿಗುವ ಕೆಲವು ಪೋಷಕಾಂಶಗಳಿಲ್ಲದೆ ಅದರ ದೇಹ ನಡೆಯುವುದಿಲ್ಲ.

ಅವುಗಳಲ್ಲಿ ಮುಖ್ಯವಾದುದು ಟಾರಿನ್. ಇದು ಮಾಂಸ ಮತ್ತು ಮೀನಿನಲ್ಲಿದೆ, ಅಕ್ಕಿ, ಗೋಧಿ, ಬೇಳೆಯಲ್ಲಿಲ್ಲ. ಟಾರಿನ್ ಕೊರತೆಯಾದರೆ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆಂದು 1975ರಲ್ಲಿ ವಿಜ್ಞಾನಿಗಳು ತೋರಿಸಿದರು. 1987ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ಇನ್ನೊಂದು ಸಂಗತಿ ಕಂಡುಕೊಂಡರು. ಹೃದಯ ಹಿಗ್ಗಿ ಸಾಯುತ್ತಿದ್ದ ಬೆಕ್ಕುಗಳ ಕಾಯಿಲೆಗೂ ಟಾರಿನ್ ಕೊರತೆಯೇ ಕಾರಣವಾಗಿತ್ತು. ಟಾರಿನ್ ಕೊಟ್ಟಾಗ ಹೃದಯ ಚೇತರಿಸಿಕೊಳ್ಳುತ್ತಿತ್ತು. ಆ ಬಳಿಕ ಬೆಕ್ಕಿನ ಸಿದ್ಧ ಆಹಾರಗಳಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಲಾಯಿತು. ನಾಯಿಯ ಆಹಾರದಲ್ಲಿ ಬೆಕ್ಕಿಗೆ ಸಾಕಾಗುವಷ್ಟು ಟಾರಿನ್ ಇರಬೇಕೆಂದಿಲ್ಲ. ಆದ್ದರಿಂದ ಅಗ್ಗವೆಂದು ನಾಯಿಯ ಚೀಲವನ್ನು ಬೆಕ್ಕಿಗೆ ತರಬೇಡಿ.

ಕ್ಯಾರೆಟ್‌ನಿಂದ ವಿಟಮಿನ್ ಎ ತಯಾರಿಸಿಕೊಳ್ಳುವ ಶಕ್ತಿಯೂ ಬೆಕ್ಕಿಗಿಲ್ಲ. ಅದು ಲಿವರ್‌ನಂತಹ ಪ್ರಾಣಿಮೂಲದಿಂದಲೇ ಬರಬೇಕು. ಹಾಗೆಂದು ದಿನವೂ ಲಿವರ್ ಹಾಕಿದರೆ ವಿಟಮಿನ್ ಎ ಅತಿಯಾಗಿ ಕುತ್ತಿಗೆ ಮತ್ತು ಬೆನ್ನಿನ ಎಲುಬುಗಳು ಒಂದಕ್ಕೊಂದು ಅಂಟಿಕೊಂಡು ಬೆಕ್ಕು ಬಗ್ಗಲಾರದಂತಾಗುತ್ತದೆ. ವಾರಕ್ಕೊಮ್ಮೆ ಒಂದೆರಡು ಸಣ್ಣ ತುಂಡು ಸಾಕು.

ಹಾಲಿನ ಬಗ್ಗೆ ನಮ್ಮ ನಂಬಿಕೆ ಹಳೆಯದು. ಬೆಕ್ಕು ಹಾಲನ್ನು ಇಷ್ಟಪಟ್ಟು ಕುಡಿಯುವುದು ನಿಜ. ಆದರೆ ತಾಯಿಯ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಹೆಚ್ಚಿನ ಬೆಕ್ಕುಗಳಲ್ಲಿ ಕುಗ್ಗುತ್ತದೆ. ಹಾಲು ಕುಡಿದ ಬೆಕ್ಕು ಭೇದಿ ಮಾಡಿಕೊಂಡರೆ ನಾವು ಮೀನನ್ನು ದೂರುತ್ತೇವೆ, ಹಾಲನ್ನು ದೂರುವುದಿಲ್ಲ. ಬೆಳೆದ ಬೆಕ್ಕಿಗೆ ಬೇಕಾದ ಪಾನೀಯ ಶುದ್ಧ ನೀರೊಂದೇ.

ಮರಿಯ ಮೊದಲ ವರ್ಷ

ಹುಟ್ಟಿದ ಮರಿ ಸುಮಾರು 100 ಗ್ರಾಂ ಇರುತ್ತದೆ, ದಿನಕ್ಕೆ 10ರಿಂದ 15 ಗ್ರಾಂ ಬೆಳೆಯಬೇಕು. ಅಡುಗೆ ಮನೆಯ ತಕ್ಕಡಿ ಇದ್ದರೆ ಮರಿ ಬೆಳೆಯುತ್ತಿದೆಯೇ ಎಂದು ನೀವೇ ನೋಡಬಹುದು. ತಾಯಿ ಇದ್ದರೆ ಆಕೆಗೇ ಬಿಡಿ. ಮಸೀದಿಯ ಮೆಟ್ಟಿಲಲ್ಲೋ ಚರಂಡಿಯ ಬದಿಯಲ್ಲೋ ಸಿಕ್ಕ ತಬ್ಬಲಿ ಮರಿಯನ್ನು ಮಕ್ಕಳು ಎತ್ತಿಕೊಂಡು ಬಂದಾಗ, ಹಸುವಿನ ಹಾಲಿಗೆ ಸಕ್ಕರೆ ಬೆರೆಸಿ ಕೊಡುವುದು ನಮ್ಮಲ್ಲಿ ರೂಢಿ. ಬೆಕ್ಕಿನ ಹಾಲಿನಲ್ಲಿರುವಷ್ಟು ಪ್ರೋಟೀನ್ ಹಸುವಿನ ಹಾಲಿನಲ್ಲಿಲ್ಲ. ಬೆಕ್ಕಿನ ಮರಿಗೆಂದೇ ತಯಾರಿಸಿದ ಹಾಲಿನ ಪುಡಿ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಉಗುರುಬೆಚ್ಚಗೆ ಮಾಡಿ, ಮೊದಲ ವಾರಗಳಲ್ಲಿ ಎರಡು ಮೂರು ಗಂಟೆಗೊಮ್ಮೆ ಕೊಡಬೇಕು. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿ, ತಾಯಿಯ ಬಳಿ ಮಲಗಿದಂತೆಯೇ ಇಡಿ. ಮೂರು ವಾರ ತುಂಬುವವರೆಗೆ ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲನೆ ಒರೆಸಿ. ತಾಯಿ ನೆಕ್ಕಿದಾಗಲೇ ಮರಿ ಮಲಮೂತ್ರ ಮಾಡುವುದು. ತಾನಾಗಿ ಮಾಡಲು ಅದಕ್ಕೆ ತಿಳಿಯದು.

ಮೂರು ನಾಲ್ಕು ವಾರವಾದಾಗ ಮೆದುವಾದ ಆಹಾರ ಆರಂಭಿಸಿ. ಎಂಟು ವಾರಕ್ಕೆ ಹಾಲು ಬಿಡಿಸಿದರಾಯಿತು. ಅದಕ್ಕೂ ಮೊದಲು ಮರಿಯನ್ನು ತಾಯಿಯಿಂದ ಬೇರ್ಪಡಿಸಿ ನೆಂಟರಿಗೆ ಹಂಚಬೇಡಿ. ಮರಿಯ ಹೊಟ್ಟೆ ಚಿಕ್ಕದು, ಬೆಳವಣಿಗೆಯ ವೇಗ ದೊಡ್ಡದು. ಆದ್ದರಿಂದ ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು ಹೊತ್ತು, ಆಮೇಲೆ ಎರಡು ಹೊತ್ತು ಎಂದು ಲೆಕ್ಕ ಇಟ್ಟುಕೊಳ್ಳಿ. ಒಂದು ವರ್ಷದವರೆಗೆ ಮರಿಗಳ ಆಹಾರವೇ ಬೇಕು.

ಇಲ್ಲಿ ಒಂದು ಎಚ್ಚರಿಕೆ. ಬೆಕ್ಕು ಮಾಂಸಾಹಾರಿ ಎಂದು ಕೇಳಿದವರು ಬರೀ ಕೋಳಿ ಮಾಂಸ ಬೇಯಿಸಿ ಹಾಕಲು ಶುರುಮಾಡುತ್ತಾರೆ. ಇಲಿಯನ್ನು ತಿನ್ನುವ ಬೆಕ್ಕು ಅದರ ಎಲುಬನ್ನೂ ತಿನ್ನುತ್ತದೆ, ಸುಣ್ಣದ ಅಂಶ ಅಲ್ಲಿಂದ ಬರುತ್ತದೆ. ಎಲುಬಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಬರೀ ಮಾಂಸದಲ್ಲಿ ಬೆಳೆದ ಮರಿಯ ಎಲುಬುಗಳು ಎಷ್ಟು ದುರ್ಬಲವಾಗುತ್ತವೆಂದರೆ, ಕುರ್ಚಿಯಿಂದ ಹಾರಿದಾಗಲೇ ಕಾಲು ಮುರಿಯಬಹುದು. ಹಾಗಾಗಿ ಮರಿಯ ಊಟದ ಮುಖ್ಯ ಭಾಗ ಅದರ ವಯಸ್ಸಿಗೆಂದೇ ತಯಾರಿಸಿದ ಸಮತೋಲಿತ ಆಹಾರವಾಗಿರಲಿ, ಮನೆಯ ಮಾಂಸ ಅದರ ಜೊತೆಗಿರಲಿ.

ನಡುವಯಸ್ಸಿನಲ್ಲಿ ಅಳತೆ ಮುಖ್ಯ

ಒಂದರಿಂದ ಏಳೆಂಟು ವರ್ಷದವರೆಗಿನ ಬೆಕ್ಕಿಗೆ ಕೊರತೆಗಿಂತ ಅತಿಯೇ ಅಪಾಯ. ಮನೆಯೊಳಗಿನ 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲೊರಿ ಸಾಕು. ಒಣ ಆಹಾರದ ಲೆಕ್ಕದಲ್ಲಿ ಇದು 50ರಿಂದ 60 ಗ್ರಾಂ ಮಾತ್ರ. ಆದರೆ ನಮ್ಮ ಮನೆಗಳಲ್ಲಿ ಉಮ್ಮ ಒಮ್ಮೆ ಹಾಕುತ್ತಾರೆ, ಶಾಲೆಯಿಂದ ಬಂದ ಮಗು ಇನ್ನೊಮ್ಮೆ ಹಾಕುತ್ತದೆ, ರಾತ್ರಿ ಊಟಕ್ಕೆ ಕೂತಾಗ ಅಪ್ಪನ ತಟ್ಟೆಯಿಂದಲೂ ಒಂದು ತುಂಡು ಬೀಳುತ್ತದೆ. ಒಬ್ಬರೇ ಹಾಕಲಿ, ಬೆಳಗ್ಗೆಯೇ ಅಳೆದಿಟ್ಟದ್ದರಿಂದ ಹಾಕಲಿ. ಪಕ್ಕೆಯ ಮೇಲೆ ಮೆಲ್ಲನೆ ಕೈಯಾಡಿಸಿದಾಗ ಎಲುಬುಗಳು ಕಣ್ಣಿಗೆ ಕಾಣದೆ, ಬೆರಳಿಗೆ ಸಿಗಬೇಕು. ಬೆರಳಿಗೂ ಸಿಗದಿದ್ದರೆ ಬೆಕ್ಕು ದಪ್ಪಗಾಗಿದೆ ಎಂದರ್ಥ. ಬೊಜ್ಜು ಬಂದ ಬೆಕ್ಕಿಗೆ ಸಕ್ಕರೆ ಕಾಯಿಲೆ, ಗಂಟುನೋವು ಮನುಷ್ಯರಿಗೆ ಬರುವಂತೆಯೇ ಬರುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಬಗ್ಗೆ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ, ನೀವು ನಂಬುವ ವಿದ್ವಾಂಸರನ್ನು ಕೇಳಿಕೊಳ್ಳಿ. ಮಾಡಿಸಿದ ಬೆಕ್ಕಿಗಾದರೆ ಮೊದಲಿಗಿಂತ ಕಡಿಮೆ ಆಹಾರ ಸಾಕಾಗುತ್ತದೆ ಎಂಬುದು ನೆನಪಿರಲಿ.

ದಪ್ಪಗಾಯಿತೆಂದು ಉಪವಾಸ ಹಾಕಬೇಡಿ. ಇದು ಜೀವದ ಪ್ರಶ್ನೆ. ದಪ್ಪ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ದೇಹದ ಕೊಬ್ಬೆಲ್ಲ ಲಿವರ್‌ಗೆ ನುಗ್ಗಿ ಅದು ಕೆಲಸ ನಿಲ್ಲಿಸಬಹುದು. ಉಮ್ರಾಕ್ಕೋ ತವರಿಗೋ ಹೋಗುವಾಗ ಒಂದು ರಾಶಿ ಆಹಾರ ಸುರಿದು ಬೀಗ ಹಾಕುವವರಿದ್ದಾರೆ. ಮೊದಲ ದಿನವೇ ಅದಕ್ಕೆ ಇರುವೆ ಹತ್ತುತ್ತದೆ, ನೀರಿನ ಬಟ್ಟಲು ಮಗುಚುತ್ತದೆ. ಕೂಡಿಹಾಕಿ ಹೋಗುವುದೆಂದರೆ ಇದೇ. ದಿನಕ್ಕೆರಡು ಸಲ ಬಂದು ನೋಡುವ ನೆರೆಮನೆಯವರನ್ನು ಗೊತ್ತುಮಾಡದೆ ಬಾಗಿಲು ಹಾಕಬೇಡಿ.

ಮರುಭೂಮಿಯ ಮೂಲದ ಬೆಕ್ಕಿಗೆ ಬಾಯಾರಿಕೆ ಕಡಿಮೆ. ಇಲಿಯ ಮೈಯಲ್ಲಿದ್ದ ನೀರಿನಿಂದಲೇ ಅದರ ಹೆಚ್ಚಿನ ಅಗತ್ಯ ಪೂರೈಸುತ್ತಿತ್ತು. ಒಣ ಆಹಾರದಲ್ಲಿ ನೀರು ನೂರಕ್ಕೆ ಸುಮಾರು 10ರಷ್ಟು, ಹಸಿ ಆಹಾರದಲ್ಲಿ 75ಕ್ಕೂ ಹೆಚ್ಚು. ಬರೀ ಒಣ ಆಹಾರ ತಿನ್ನುವ ಬೆಕ್ಕು ಸಾಕಷ್ಟು ನೀರು ಕುಡಿಯದಿದ್ದರೆ ಮೂತ್ರದ ತೊಂದರೆ ಹೆಚ್ಚು. ಆದ್ದರಿಂದ ದಿನದ ಒಂದು ಹೊತ್ತಾದರೂ ಹಸಿ ಆಹಾರವಿರಲಿ. ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯನ್ನು ಬೆಂದ ನೀರಿನ ಸಮೇತ ಕೊಡಿ; ಬೇಯಿಸುವಾಗ ಟಾರಿನ್ ನೀರಿಗೆ ಇಳಿಯುವುದರಿಂದ ಆ ನೀರನ್ನು ಚೆಲ್ಲಬಾರದು. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು, ಏನೂ ಬಾರದೆ ನರಳುತ್ತಿದ್ದರೆ ನಾಳೆಗೆ ಕಾಯಬೇಡಿ. ಮೂತ್ರದ ದಾರಿ ಕಟ್ಟಿದರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ.

ನಮ್ಮ ಬೂತಾಯಿ, ನಮ್ಮ ಬಿರಿಯಾನಿ

ಕರಾವಳಿಯ ಬೆಕ್ಕಿಗೆ ಮೀನು ಹೇರಳ. ಬೆಂದ ಮೀನು ವಾರಕ್ಕೆ ಎರಡು ಮೂರು ಸಲ ಒಳ್ಳೆಯದೇ. ಬೂತಾಯಿಯಂತಹ ಎಣ್ಣೆ ಮೀನನ್ನೇ ಮೂರು ಹೊತ್ತೂ ತಿಂಗಳುಗಟ್ಟಲೆ ಹಾಕಿದರೆ ವಿಟಮಿನ್ ಇ ಕೊರತೆಯಾಗಿ ಚರ್ಮದಡಿಯ ಕೊಬ್ಬು ಉರಿಯೂತದಿಂದ ಗಟ್ಟಿಯಾಗುತ್ತದೆ. ಮುಟ್ಟಿದರೆ ಬೆಕ್ಕು ಚೀರುತ್ತದೆ, ಎತ್ತಿಕೊಳ್ಳಲು ಬಿಡುವುದಿಲ್ಲ. ಹಲವು ಹಸಿ ಮೀನುಗಳಲ್ಲಿ ವಿಟಮಿನ್ ಬಿ1ನ್ನು ನಾಶಮಾಡುವ ಅಂಶವೊಂದಿದೆ. ಅದರಿಂದ ಬೆಕ್ಕು ತೂರಾಡುವುದು, ಕುತ್ತಿಗೆ ಬಾಗಿಸುವುದು, ಸೆಳೆತಕ್ಕೊಳಗಾಗುವುದು ಉಂಟು. ಬೇಯಿಸಿದರೆ ಆ ಅಂಶ ನಾಶವಾಗುತ್ತದೆ. ಆದ್ದರಿಂದ ಮೀನನ್ನು ಬೇಯಿಸಿ, ಮುಳ್ಳು ತೆಗೆದು ಕೊಡಿ.

ಬಿರಿಯಾನಿಯ ಮಸಾಲೆ ಬೆಕ್ಕಿಗೆ ವಿಷ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿರಲಿ, ಬೆಂದಿರಲಿ, ಪುಡಿಯಾಗಿರಲಿ, ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಾಂಸದ ತುಂಡನ್ನು ತೊಳೆದು ಕೊಟ್ಟರೂ ಒಳಗೆ ಇಳಿದ ಮಸಾಲೆ ಹೋಗುವುದಿಲ್ಲ. ಬೆಂದ ಎಲುಬು ಚೂಪಾಗಿ ಸೀಳುತ್ತದೆ, ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಚಾಕೊಲೇಟ್ ಕೂಡದು. ಜ್ವರ ಬಂದಿದೆಯೆಂದು ಪ್ಯಾರಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಬಕ್ರೀದ್ ದಿನ ಮನೆತುಂಬ ಮಾಂಸ. ಕೊಬ್ಬಿನ ತುಂಡು, ಕರುಳಿನ ಚೂರುಗಳೆಲ್ಲ ಬೆಕ್ಕಿನ ಪಾಲಾಗುತ್ತವೆ. ಮರುದಿನ ಮನೆಯಿಡೀ ವಾಂತಿ, ಭೇದಿ. ಅಡುಗೆಗೆ ಇಡುವ ಮೊದಲು ಅದರ ಪಾಲೆಂದು ಕೊಬ್ಬಿಲ್ಲದ ಒಂದು ಹಿಡಿ ಮಾಂಸವನ್ನು ತೆಗೆದು ಬೇರೆ ಬೇಯಿಸಿಡಿ. ಹಬ್ಬದಲ್ಲಿ ಅದಕ್ಕೂ ಪಾಲು ಸಿಕ್ಕಂತಾಯಿತು, ಪಾಲು ಪೀಡೆಯಾಗುವುದೂ ತಪ್ಪಿತು.

ರಮಝಾನ್ ಬಗ್ಗೆಯೂ ಒಂದು ಮಾತು. ಉಪವಾಸ ನಮಗೆ, ಬೆಕ್ಕಿಗಲ್ಲ. ಬೆಳೆದ ಬೆಕ್ಕಿಗೆ ಸಹ್ರಿಯ ಹೊತ್ತಿಗೊಮ್ಮೆ, ಇಫ್ತಾರಿನ ಹೊತ್ತಿಗೊಮ್ಮೆ ಹಾಕಿದರೆ ಎರಡು ಹೊತ್ತಿನ ಲೆಕ್ಕ ಸರಿಹೋಗುತ್ತದೆ. ನಡುವೆ ನೀರು ಮಾತ್ರ ಬತ್ತಬಾರದು. ನಾಲ್ಕು ತಿಂಗಳೊಳಗಿನ ಮರಿ ಮತ್ತು ಹಾಲುಣಿಸುವ ತಾಯಿಬೆಕ್ಕು ಇದ್ದರೆ ಆ ಲೆಕ್ಕ ನಡೆಯದು. ಒಲೆ ಆರಿದ ಮಧ್ಯಾಹ್ನವೂ ಅವಕ್ಕೆ ಬಟ್ಟಲು ತುಂಬಿಸಬೇಕು. ಗಬ್ಬದ ಕೊನೆಯಲ್ಲೂ ಹಾಲುಣಿಸುವಾಗಲೂ ತಾಯಿಗೆ ಮರಿಗಳ ಆಹಾರವನ್ನೇ ಕೊಡುವುದು ಉತ್ತಮ, ಏಕೆಂದರೆ ಅದರಲ್ಲಿ ಶಕ್ತಿ ಹೆಚ್ಚು. ಹಾಲುಣಿಸುವಾಗ ಆಕೆಗೆ ಎಂದಿನ ಎರಡು ಪಟ್ಟು, ಮರಿಗಳು ಹೆಚ್ಚಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ. ಕೇಳಿದಷ್ಟು ಹಾಕಿ.

ಚೀಲದ ಮೇಲೆ ಬರೆದಿರುವುದನ್ನು ಓದಿ

ಸಿದ್ಧ ಆಹಾರ ಕೊಳ್ಳುವಾಗ ಎರಡು ಸಂಗತಿ ನೋಡಬೇಕು. ಒಂದು, ಅದು ಪೂರ್ಣ ಮತ್ತು ಸಮತೋಲಿತ ಆಹಾರವೇ, ಯಾವ ವಯಸ್ಸಿನ ಬೆಕ್ಕಿಗೆ? ಬರೀ ತಿಂಡಿಯ ಪೊಟ್ಟಣಗಳು ಊಟವಾಗಲಾರವು. ಇನ್ನೊಂದು, ಅದರಲ್ಲಿರುವ ಮಾಂಸ ಯಾವುದರದ್ದು? ಕೆಲವು ಚೀಲಗಳಲ್ಲಿ ಪ್ರಾಣಿಜನ್ಯ ಉತ್ಪನ್ನ ಎಂದಷ್ಟೇ ಇರುತ್ತದೆ, ಯಾವ ಪ್ರಾಣಿಯೆಂದು ಇರುವುದಿಲ್ಲ. ಅದರಲ್ಲಿ ಹಂದಿಯ ಅಂಶ ಇರಬಹುದು. ಬೆಕ್ಕಿಗೆ ಹಲಾಲ್-ಹರಾಮ್‌ನ ಹೊಣೆಯಿಲ್ಲ, ಆದರೆ ಅದನ್ನು ಕೊಳ್ಳುವವರು ನಾವು, ಕೈಯಿಂದ ಮುಟ್ಟುವವರು ನಾವು, ಅದೇ ಬೆಕ್ಕು ನಮ್ಮ ಮುಸಲ್ಲಾದ ಮೇಲೆ ಬಂದು ಮಲಗುತ್ತದೆ. ಹಂದಿಯ ಅಂಶ ತಾಗಿದರೆ ಏಳು ಸಲ ತೊಳೆಯಬೇಕೆನ್ನುವ ಶಾಫಿಈ ಮದ್‌ಹಬಿನ ಮನೆಗಳಿಗಂತೂ ಇದು ಸಣ್ಣ ವಿಷಯವಲ್ಲ. ಕೋಳಿ, ಮೀನು ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಿ. ಸಂಶಯವಿದ್ದರೆ ಕಂಪೆನಿಯ ಗ್ರಾಹಕ ಸಂಖ್ಯೆಗೆ ಫೋನ್ ಮಾಡಿ ಕೇಳಿ. ಕೇಳುವವರು ಹೆಚ್ಚಾದಂತೆ ಚೀಲದ ಮೇಲಿನ ಅಕ್ಷರವೂ ಸ್ಪಷ್ಟವಾಗುತ್ತದೆ.

ಖರ್ಚಿನ ಮಾತು ಬರುತ್ತದೆ. ದಿನಕ್ಕೆ 50-60 ಗ್ರಾಂ ಎಂದರೆ 3 ಕಿಲೋ ಚೀಲ ಒಂದೂವರೆ ತಿಂಗಳು ದಾಟುತ್ತದೆ. ಅರ್ಧ ಮನೆಯ ಮಾಂಸ, ಮೀನು, ಮೊಟ್ಟೆ ಕೊಟ್ಟರೆ ಇನ್ನೂ ಹೆಚ್ಚು. ಮನುಷ್ಯರೇ ಹಸಿದಿರುವಾಗ ಬೆಕ್ಕಿಗೆ ಇಷ್ಟೆಲ್ಲ ಬೇಕೇ ಎಂದು ಕೇಳುವವರೂ ಇದ್ದಾರೆ. ಪ್ರಶ್ನೆ ನ್ಯಾಯವಾದುದೇ. ಉತ್ತರ ಬೆಕ್ಕು ತರುವ ಮೊದಲು ಯೋಚಿಸಬೇಕಾದದ್ದು. ಸಾವಿರಾರು ರೂಪಾಯಿ ಕೊಟ್ಟು ಪರ್ಷಿಯನ್ ಮರಿ ತಂದು, ಆಮೇಲೆ ಅದರ ಊಟದಲ್ಲಿ ಮಿತವ್ಯಯ ಮಾಡುವುದು ಝುಹ್ದ್ ಅಲ್ಲ. ಭರಿಸಲಾಗದವರು ಸಾಕಬೇಕೆಂದೇನೂ ಇಲ್ಲ. ಬೀದಿಯ ಬೆಕ್ಕಿಗೆ ಗೇಟಿನ ಬಳಿ ಒಂದು ಬಟ್ಟಲು ನೀರು, ಮೀನಿನ ಬೆಂದ ತಲೆ ಇಟ್ಟರೂ ಸದಖಾ ಆಗುತ್ತದೆ. ಅದರ ಎರಡನೆಯ ದಾರಿ ತೆರೆದೇ ಇದೆಯಲ್ಲ.

ಮುದಿ ಬೆಕ್ಕಿನ ಹಕ್ಕು

ಬೆಕ್ಕು ಹತ್ತು ದಾಟಿದರೆ ಮುಪ್ಪು. ಒಳಗೆ ಸಾಕಿದ ಬೆಕ್ಕು ಹದಿನೈದು ವರ್ಷ ಬದುಕುವುದೂ ಉಂಟು. ಆಗ ಮಕ್ಕಳು ಬೆಳೆದಿರುತ್ತಾರೆ, ಆಟ ಮುಗಿದಿರುತ್ತದೆ, ಬೆಕ್ಕು ಮೂಲೆ ಸೇರಿರುತ್ತದೆ. ವಯಸ್ಸಾಯಿತು, ಹಾಗಾಗಿ ಸೊರಗಿದೆ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ವಯಸ್ಸು ಕಾಯಿಲೆಯಲ್ಲ. ಮುದಿ ಬೆಕ್ಕು ಚೆನ್ನಾಗಿ ತಿನ್ನುತ್ತಲೇ ತೆಳ್ಳಗಾಗುತ್ತಿದ್ದರೆ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಇರಬಹುದು. ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತಿದ್ದರೆ ಕಿಡ್ನಿಯನ್ನು ಪರೀಕ್ಷಿಸಬೇಕು. ವಯಸ್ಸಾದ ಬೆಕ್ಕುಗಳಲ್ಲಿ ಅದು ಸಾಮಾನ್ಯ. ಬಟ್ಟಲಿನ ಬಳಿ ಬಂದು ಮೂಸಿ ಹಿಂದಿರುಗಿದರೆ ಹಸಿವಿಲ್ಲವೆಂದಲ್ಲ, ಹಲ್ಲು ನೋಯುತ್ತಿರಬಹುದು. ಇವೆಲ್ಲ ಪಶುವೈದ್ಯರು ಕಂಡುಹಿಡಿದು ಚಿಕಿತ್ಸೆ ನೀಡಬಹುದಾದ ತೊಂದರೆಗಳು.

ಮುಪ್ಪಿನಲ್ಲಿ ಮಾಂಸ ಕಡಿಮೆ ಮಾಡಬೇಕೆಂಬ ಮಾತನ್ನು ಪರೀಕ್ಷೆಯಿಲ್ಲದೆ ಪಾಲಿಸಬೇಡಿ. ವಯಸ್ಸಾದಂತೆ ಆಹಾರವನ್ನು ಜೀರ್ಣಿಸಿಕೊಳ್ಳುವ ಶಕ್ತಿ ಕುಂದುವುದರಿಂದ ಬೆಕ್ಕಿಗೆ ಸುಲಭವಾಗಿ ಜೀರ್ಣವಾಗುವ ಒಳ್ಳೆಯ ಪ್ರೋಟೀನ್ ಬೇಕು. ಕಿಡ್ನಿ ಕಾಯಿಲೆಯಿದ್ದರೆ ಅದಕ್ಕೆಂದೇ ಇರುವ ಆಹಾರವನ್ನು ವೈದ್ಯರು ಹೇಳುತ್ತಾರೆ. ಸ್ವಲ್ಪ ಬೆಚ್ಚಗೆ ಮಾಡಿ ಕೊಡಿ, ಪರಿಮಳ ಬಂದರೆ ತಿನ್ನುತ್ತದೆ. ಎರಡು ಹೊತ್ತಿನದನ್ನು ನಾಲ್ಕು ಹೊತ್ತಿಗೆ ಹಂಚಿ. ಕುತ್ತಿಗೆ ಬಗ್ಗಿಸಲು ಕಷ್ಟವಾದರೆ ಬಟ್ಟಲನ್ನು ಸಣ್ಣ ಮಣೆಯ ಮೇಲಿಡಿ. ನೀರಿನ ಬಟ್ಟಲುಗಳು ಎರಡು ಮೂರು ಕಡೆ ಇರಲಿ.

ಪ್ರಾಣಿಗಳ ಹಕ್ಕುಗಳನ್ನು ಪಟ್ಟಿಮಾಡಿದ ಶಾಫಿಈ ವಿದ್ವಾಂಸ ಇಝ್ಝುದ್ದೀನ್ ಇಬ್ನು ಅಬ್ದಿಸ್ಸಲಾಮ್(ರಹ್) ಅವರು ತಮ್ಮ 'ಖವಾಇದುಲ್ ಅಹ್ಕಾಮ್'ನಲ್ಲಿ ಮೊದಲಿಗೇ ಎತ್ತಿಕೊಳ್ಳುವುದು ಆಹಾರದ ವಿಷಯವನ್ನು. ಪ್ರಾಣಿಗೆ ತಕ್ಕ ಆಹಾರದ ಖರ್ಚನ್ನು ಒಡೆಯ ಭರಿಸಬೇಕು, ಅದು ಮುದಿಯಾಗಿ ಅಥವಾ ಕಾಯಿಲೆಬಿದ್ದು ಯಾವ ಪ್ರಯೋಜನಕ್ಕೂ ಬಾರದಿದ್ದರೂ ಸರಿ ಎಂಬುದು ಅವರ ನಿಲುವು. ಅವರು 1262ರಲ್ಲಿ ಕೈರೋದಲ್ಲಿ ತೀರಿಕೊಂಡರು. ಆಗ ಅಲ್ಲಿ ಆಳುತ್ತಿದ್ದ ಸುಲ್ತಾನ್ ಬೈಬರ್ಸ್ ನಗರದ ಬೆಕ್ಕುಗಳ ಆಹಾರಕ್ಕೆಂದೇ ಒಂದು ತೋಟವನ್ನು ವಕ್ಫ್ ಮಾಡಿದ್ದನೆಂದು ಹೇಳಲಾಗುತ್ತದೆ. ತೋಟ ಕೈಬದಲಾದ ನಂತರವೂ ಖಾಝಿಯ ಅಂಗಳದಲ್ಲಿ ದಿನವೂ ಅಸರ್ ಹೊತ್ತಿಗೆ ಬೆಕ್ಕುಗಳಿಗೆ ಉಣಿಸುವ ಪದ್ಧತಿ ಇದ್ದುದನ್ನು 19ನೇ ಶತಮಾನದಲ್ಲಿ ಕೈರೋದಲ್ಲಿದ್ದ ಎಡ್ವರ್ಡ್ ಲೇನ್ ದಾಖಲಿಸಿದ್ದಾರೆ. ನಮ್ಮ ಹಿರಿಯರು ಕರುಣೆಯನ್ನು ಮನಸ್ಸಿನ ಲಹರಿಗೆ ಬಿಡಲಿಲ್ಲ. ಅದಕ್ಕೆ ಹೊತ್ತು, ಸ್ಥಳ, ಖರ್ಚಿನ ಬಾಬ್ತು ಗೊತ್ತುಮಾಡಿದರು. ಪ್ರವಾದಿ(ಸ)ರ ಬೆಕ್ಕಿನ ಹೆಸರು ಮುಇಝ್ಝಾ ಎಂದು ಹರಡುವ ಕಥೆಗೆ ಹದೀಸ್ ಗ್ರಂಥಗಳಲ್ಲಿ ಆಧಾರವಿಲ್ಲ. ಆಧಾರವಿರುವ ಮಾತುಗಳನ್ನೇ ಪಾಲಿಸಿದರೆ ಬೆಕ್ಕಿಗೆ ಬೇಕಾದಷ್ಟಾಯಿತು.

ಶುಚಿತ್ವ ಮತ್ತು ಗರ್ಭಿಣಿಯರು

ಬೆಕ್ಕಿನ ಆಹಾರ ಮನೆಯ ಆರೋಗ್ಯಕ್ಕೂ ಸಂಬಂಧಿಸಿದ್ದು. ಮಗಳು ಗರ್ಭಿಣಿಯೆಂದು ತಿಳಿದ ಕೂಡಲೇ ವರ್ಷಗಟ್ಟಲೆ ಸಾಕಿದ ಬೆಕ್ಕನ್ನು ಗೋಣಿಯಲ್ಲಿ ತುಂಬಿ ಮೀನು ಮಾರುಕಟ್ಟೆಯಲ್ಲಿ ಬಿಟ್ಟುಬರುವ ಪರಿಪಾಠವಿದೆ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಭಯವದು. ಗರ್ಭಿಣಿಗೆ ಹೊಸದಾಗಿ ಅದು ತಗುಲಿದರೆ ಮಗುವಿಗೆ ಹಾನಿಯಾಗಬಹುದು ಎಂಬುದು ಸತ್ಯ. ಆದರೆ ಬೆಕ್ಕಿಗೆ ಅದು ಬರುವುದು ಇಲಿ, ಹಕ್ಕಿ ಮತ್ತು ಹಸಿ ಮಾಂಸದಿಂದ. ಮನೆಯೊಳಗಿದ್ದು ಬೇಯಿಸಿದ್ದನ್ನೇ ತಿನ್ನುವ ಬೆಕ್ಕಿಗೆ ಅದು ತಗುಲುವ ಸಂಭವ ತೀರಾ ಕಡಿಮೆ. ಅದರ ಮಲದಲ್ಲಿ ಬರುವ ಮೊಟ್ಟೆಗಳು ಸೋಂಕು ಹರಡುವಷ್ಟು ಬಲಿಯಲು ಕನಿಷ್ಠ ಒಂದು ದಿನ ಬೇಕು. ಆದ್ದರಿಂದ ಮಲದ ತಟ್ಟೆಯನ್ನು ಪ್ರತಿದಿನ ತೆಗೆಯಬೇಕು, ಗರ್ಭಿಣಿಯಲ್ಲದ ಬೇರೊಬ್ಬರು ತೆಗೆಯಬೇಕು. ಬೇರೆ ಯಾರೂ ಇಲ್ಲದಿದ್ದರೆ ಕೈಗವಸು ಹಾಕಿ, ಬಳಿಕ ಸೋಪಿನಿಂದ ಕೈ ತೊಳೆಯಬೇಕು. ಸರಿಯಾಗಿ ಬೇಯದ ಮಾಂಸವೂ ತೊಳೆಯದ ತರಕಾರಿಯೂ ಗರ್ಭಿಣಿಗೆ ಅಷ್ಟೇ ಅಪಾಯ. ಅವುಗಳ ಬಗ್ಗೆ ಯೋಚಿಸದೆ ಬೆಕ್ಕನ್ನು ಮಾತ್ರ ಹೊರಗಟ್ಟಿದರೆ ಮಗುವಿಗೆ ರಕ್ಷಣೆಯೂ ಸಿಗಲಿಲ್ಲ, ಬೆಕ್ಕಿಗೆ ನ್ಯಾಯವೂ ಸಿಗಲಿಲ್ಲ.

ಬೆಕ್ಕು ಬಾಯಿ ಹಾಕಿದ ನೀರು ಶಾಫಿಈ ಮದ್‌ಹಬಿನಲ್ಲಿ ಶುದ್ಧ, ಹನಫಿ ಮದ್‌ಹಬಿನಲ್ಲಿ ಬೇರೆ ನೀರಿದ್ದಾಗ ಅದನ್ನು ಬಳಸುವುದು ಲಘು ಮಕ್ರೂಹ್. ಆದರೆ ಅದರ ಮಲಮೂತ್ರ ನಜಸ್. ಶುದ್ಧ ಎಂಬ ಮಾತು ಶುಚಿತ್ವದ ಉದಾಸೀನಕ್ಕೆ ಪರವಾನಗಿಯಲ್ಲ. ಬೆಕ್ಕಿಗೆ ಅದರದೇ ಬಟ್ಟಲಿರಲಿ, ದಿನವೂ ತೊಳೆಯಿರಿ, ಉಳಿದ ಹಸಿ ಆಹಾರವನ್ನು ಗಂಟೆಯೊಳಗೆ ತೆಗೆಯಿರಿ. ಜಂತುಹುಳದ ಔಷಧಿ ಮತ್ತು ರೇಬೀಸ್ ಲಸಿಕೆಯನ್ನು ಪಶುವೈದ್ಯರು ಹೇಳಿದ ಸಮಯಕ್ಕೆ ತಪ್ಪದೆ ಕೊಡಿಸಿ.

ಹಸಿವಿನಿಂದ ಬೆನ್ನಿಗೆ ಹೊಟ್ಟೆ ಅಂಟಿದ್ದ ಒಂಟೆಯನ್ನು ಕಂಡು, ಈ ಮಾತು ಬಾರದ ಪ್ರಾಣಿಗಳ ವಿಷಯದಲ್ಲಿ ಅಲ್ಲಾಹನನ್ನು ಭಯಪಡಬೇಕೆಂದು ಪ್ರವಾದಿ(ಸ)ರು ಎಚ್ಚರಿಸಿದ್ದರು. ಒಂಟೆಯ ಹೊಟ್ಟೆ ಹೊರಗಿನವರಿಗೂ ಕಾಣುತ್ತದೆ. ಫ್ಲ್ಯಾಟಿನೊಳಗಿನ ಬೆಕ್ಕಿನ ಹೊಟ್ಟೆಯನ್ನು ಮನೆಯವರಲ್ಲದೆ ಬೇರೆ ಯಾರೂ ಕಾಣುವುದಿಲ್ಲ. ಇಂದು ರಾತ್ರಿ ಬಟ್ಟಲು ತುಂಬಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರ ವಯಸ್ಸೆಷ್ಟು? ಇದರಲ್ಲಿ ಮಾಂಸವೆಷ್ಟಿದೆ? ಪಕ್ಕದಲ್ಲಿ ನೀರಿದೆಯೇ? ಈ ಮೂರಕ್ಕೂ ಉತ್ತರ ಸಿಗುವ ಮನೆಯಲ್ಲಿ ಬೆಕ್ಕು ಸುಖವಾಗಿರುತ್ತದೆ.